ಲರ್ಚರ್

ಕಣ್ಣಿನಿಂದಲೇ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ಗ್ರೇಹೌಂಡ್‌ನಂಥ ವೇಗದ ನಾಯಿಯನ್ನು ಬೇರೊಂದು ಕೆಲಸಗಾರ ತಳಿಯೊಂದಿಗೆ ಕೂಡಿಸಿ ಪಡೆಯುವ ಮಿಶ್ರತಳಿಯ ಬೇಟೆನಾಯಿಗೆ ಲರ್ಚರ್ ಎಂದು ಹೆಸರು. ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ರೂಢವಾದ ಈ ಪದ್ಧತಿಯಲ್ಲಿ ಕುರಿನಾಯಿ ಮತ್ತು ಟೆರಿಯರ್‌ಗಳಲ್ಲದೆ, ವಾಸನೆ ಹಿಡಿದು ಹುಡುಕುವ ಪಾಯಿಂಟರ್ ಹಾಗೂ ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಕಚ್ಚಿ ತರುವ ಲ್ಯಾಬ್ರಡಾರ್‌ಗಳೂ ಬಳಕೆಯಾಗುತ್ತವೆ. ಆದರೆ ಒಂದೇ ಸೂಲಿನ ಮರಿಗಳಲ್ಲೂ ವೇಗ, ಘ್ರಾಣಶಕ್ತಿ, ವಿಧೇಯತೆಗಳು ಸಮನಾಗಿ ಇಳಿದುಬರುವುದಿಲ್ಲ.

ಗ್ರೇಹೌಂಡ್‌ನಂತೆಯೇ ನೀಳ ತಲೆ, ಆಳವಾದ ಎದೆ, ಒಳಸೆಳೆದ ಹೊಟ್ಟೆಯ ಮುಧೋಳ ನಾಯಿ ಕರ್ನಾಟಕದ ದೃಷ್ಟಿಬೇಟೆಯ ತಳಿಯಾಗಿದ್ದು, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವು ಅದರ ಶುದ್ಧತೆಯನ್ನು ಕಾಪಾಡುತ್ತಿರುವುದರಿಂದ ಲರ್ಚರ್ ಪಡೆಯಲೆಂದು ಅದನ್ನು ವಿವೇಚನೆಯಿಲ್ಲದೆ ಬೇರೆ ತಳಿಯೊಂದಿಗೆ ಕೂಡಿಸುವುದು ಸಲ್ಲದು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿರುವ ಕಾರಣ, ದಟ್ಟ ನಗರಗಳಲ್ಲಿ ಇಂಥ ನಾಯಿ ಸಾಕುವವರು ಅದಕ್ಕೆ ದಿನವೂ ಸುರಕ್ಷಿತ ಬಯಲಿನಲ್ಲಿ ಓಟ ಒದಗಿಸುವುದು ಅತ್ಯಗತ್ಯ.