ಪ್ರಜಾಪ್ರಭುತ್ವ ಮತ್ತು ಮಾನವ ಹಕ್ಕುಗಳು: ಭಾರತದ ತುರ್ತು ಪರಿಸ್ಥಿತಿ (1975–77)

ಆಳುವವರನ್ನು ಆರಿಸುವ, ಬೇಡವೆನಿಸಿದಾಗ ಇಳಿಸುವ ಅಧಿಕಾರ ಜನರ ಕೈಯಲ್ಲಿರುವ ಆಡಳಿತ ಪದ್ಧತಿಯೇ ಪ್ರಜಾಪ್ರಭುತ್ವ. ಯಾವ ಸರ್ಕಾರ ಬರಲಿ ಹೋಗಲಿ, ಮನುಷ್ಯರಾಗಿ ಹುಟ್ಟಿದವರೆಲ್ಲರಿಗೂ ಸಲ್ಲುವಂಥವು ಮಾನವ ಹಕ್ಕುಗಳು. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 21ನೆಯ ವಿಧಿ, ಸರ್ಕಾರದ ಅಧಿಕಾರಕ್ಕೆ ಜನರ ಇಚ್ಛೆಯೇ ಆಧಾರವೆಂದು ಸಾರಿತು. ಮಾತಾಡುವ, ಸಭೆ ಸೇರುವ, ಸುದ್ದಿ ತಿಳಿಯುವ ಸ್ವಾತಂತ್ರ್ಯವಿಲ್ಲದಿದ್ದರೆ ಮತದಾನ ಬರಿಯ ಶಾಸ್ತ್ರವಾಗುತ್ತದೆ. ಸರ್ಕಾರವನ್ನು ಇಳಿಸುವ ದಾರಿ ಮುಚ್ಚಿಹೋದರೆ ಸಂವಿಧಾನದಲ್ಲಿ ಬರೆದಿಟ್ಟ ಹಕ್ಕುಗಳನ್ನು ಕಾಯುವವರೇ ಇರುವುದಿಲ್ಲ. ಭಾರತದ 21 ತಿಂಗಳ ತುರ್ತು ಪರಿಸ್ಥಿತಿ ಈ ನಂಟನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು.

ಭಾರತದಲ್ಲಿ ಮತದಾನ, ಮೂಲಭೂತ ಹಕ್ಕು ಎರಡೂ ಒಟ್ಟಿಗೇ ಹುಟ್ಟಿದವು. 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದ ಸಂವಿಧಾನ ಮೂರನೆಯ ಭಾಗದಲ್ಲಿ ಮೂಲಭೂತ ಹಕ್ಕುಗಳನ್ನೂ 326ನೆಯ ವಿಧಿಯಲ್ಲಿ ವಯಸ್ಕ ಮತದಾನವನ್ನೂ ಕೊಟ್ಟಿತು. ಜಾತಿ, ಲಿಂಗ, ಆಸ್ತಿ, ಅಕ್ಷರ ಯಾವುದನ್ನೂ ಕೇಳದೆ 17 ಕೋಟಿಗೂ ಹೆಚ್ಚು ಮಂದಿಯನ್ನು 1951–52ರ ಮತದಾರರ ಪಟ್ಟಿಗೆ ಸೇರಿಸಿದ್ದು ಆ ಕಾಲಕ್ಕೆ ದೊಡ್ಡ ಧೈರ್ಯ. ಆದರೆ ಅದೇ ಸಂವಿಧಾನ ಹಕ್ಕುಗಳನ್ನು ಅಮಾನತಿನಲ್ಲಿಡುವ ತುರ್ತು ಅಧಿಕಾರವನ್ನೂ, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಮುನ್ನೆಚ್ಚರಿಕೆ ಬಂಧನವನ್ನೂ ಒಳಗೊಂಡಿತ್ತು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ರಾಯ್‌ಬರೇಲಿಯಿಂದ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. ಅರ್ಜಿದಾರರು ಸೋತ ಅಭ್ಯರ್ಥಿ ರಾಜ್ ನಾರಾಯಣ್. ಪ್ರಧಾನಿಯ ಸಲಹೆಯಂತೆ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ‘ಆಂತರಿಕ ಕ್ಷೋಭೆ’ಯ ಕಾರಣದ ಮೇಲೆ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ಸಂಗತಿ ತಿಳಿದದ್ದು ಮರುದಿನ ಬೆಳಿಗ್ಗೆ. ದೆಹಲಿಯ ಪತ್ರಿಕಾ ಕಚೇರಿಗಳಿಗೆ ಅಂದು ರಾತ್ರಿಯೇ ವಿದ್ಯುತ್ ನಿಲ್ಲಿಸಲಾಯಿತು. ಸೆನ್ಸಾರ್ ಅದರ ಬೆನ್ನಿಗೇ ಬಂತು. ಜೂನ್ 27ರ ಆದೇಶ ಸಂವಿಧಾನದ 14 (ಸಮಾನತೆ), 21 (ಜೀವ, ಸ್ವಾತಂತ್ರ್ಯ) ಮತ್ತು 22ನೆಯ (ಬಂಧಿತರ ರಕ್ಷಣೆ) ವಿಧಿಗಳ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯಿತು. ಆಂತರಿಕ ಭದ್ರತಾ ಪಾಲನಾ ಕಾಯಿದೆ, ಅಂದರೆ ಜನರ ಬಾಯಲ್ಲಿ ‘ಮೀಸಾ’, ಮತ್ತು ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾದವರು ಒಂದು ಲಕ್ಷಕ್ಕೂ ಹೆಚ್ಚು.

ಈ ಕಥೆಯಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ಸಂಸದೀಯ ಸಮಿತಿಯ ಸಭೆಗೆಂದು ಇಲ್ಲಿಗೆ ಬಂದಿದ್ದ ವಿರೋಧ ಪಕ್ಷಗಳ ಸಂಸದರಾದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಇಲ್ಲೇ ಬಂಧಿತರಾಗಿ ಕೇಂದ್ರ ಕಾರಾಗೃಹ ಸೇರಿದರು. ಬಂಧನವನ್ನು ಪ್ರಶ್ನಿಸುವ ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಣೆಗೇ ಎತ್ತಿಕೊಳ್ಳಬಾರದೆಂಬ ಸರ್ಕಾರದ ಆಕ್ಷೇಪವನ್ನು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಅದೇ ಸೆರೆಮನೆಯಲ್ಲಿ ‘ಸಂಸ್ಕಾರ’ ಚಲನಚಿತ್ರದ ಚಂದ್ರಿಯ ಪಾತ್ರಧಾರಿ ಸ್ನೇಹಲತಾ ರೆಡ್ಡಿ ಇದ್ದರು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಒಡನಾಡಿಯೆಂಬ ಕಾರಣಕ್ಕೆ 1976ರ ಮೇ ತಿಂಗಳಲ್ಲಿ ಹಿಡಿದು ತಂದ ಅವರಿಗೆ ತೀವ್ರ ಆಸ್ತಮಾ ಇತ್ತು. ತಿಂಗಳುಗಟ್ಟಲೆ ಸೆರೆಯಲ್ಲಿ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು. ಹಕ್ಕಿನ ಅಮಾನತು ಎಂಬ ಕಾನೂನಿನ ಮಾತು ಒಂದು ಮೈಮೇಲೆ ಹೇಗೆ ಎರಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ಕೇಳಲು ಸಿದ್ಧವಾಗಿದ್ದಾಗ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜಬಲ್‌ಪುರ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು: ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೂ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರುವತನಕ ಇಲ್ಲ ಎಂಬುದೇ ಉತ್ತರದ ಸಾರ. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು, ಎ. ಎನ್. ರೇ, ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್, ಪಿ. ಎನ್. ಭಗವತಿ, ಸರ್ಕಾರದ ವಾದವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಜೀವ, ಸ್ವಾತಂತ್ರ್ಯಗಳು ಸಂವಿಧಾನ ದಯಪಾಲಿಸಿದ ದಾನವಲ್ಲ, ಕಾನೂನಿನ ಅಧಿಕಾರವಿಲ್ಲದೆ ಅವನ್ನು ಕಸಿಯಲಾಗದು ಎಂಬುದು ಅವರ ನಿಲುವು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಿದಾಗ ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು.

ಬಂಧನಕ್ಕೊಳಗಾಗದ ಬಡವರ ಮೇಲೂ ಹೊಡೆತ ಬಿತ್ತು. 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳಾದವು. ಮೇಲಿನಿಂದ ಗುರಿ ಹೇರಿದ್ದರಿಂದ ಉತ್ತರ ಭಾರತದಲ್ಲಿ ಬಲವಂತ ವ್ಯಾಪಕವಾಗಿತ್ತು. ದೆಹಲಿಯ ತುರ್ಕ್‌ಮನ್ ಗೇಟಿನಲ್ಲಿ 1976ರ ಏಪ್ರಿಲ್‌ನಲ್ಲಿ ಮನೆಗಳನ್ನು ಕೆಡವಿ, ಪ್ರತಿಭಟಿಸಿದವರ ಮೇಲೆ ಗುಂಡು ಹಾರಿಸಲಾಯಿತು. ಪತ್ರಿಕೆಗಳು ಬರೆಯುವಂತಿರಲಿಲ್ಲ, ವಿರೋಧ ಪಕ್ಷದ ನಾಯಕರು ಸೆರೆಯಲ್ಲಿದ್ದರು, 1976ರಲ್ಲಿ ನಡೆಯಬೇಕಿದ್ದ ಚುನಾವಣೆ ಮುಂದಕ್ಕೆ ಹೋಗಿತ್ತು. ನೊಂದವರ ದನಿ ಮೇಲಕ್ಕೆ ಮುಟ್ಟುವ ಎಲ್ಲ ದಾರಿಗಳೂ ಏಕಕಾಲಕ್ಕೆ ಕಟ್ಟಿಹೋಗಿದ್ದವು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಬರಗಾಲದ ಅಧ್ಯಯನದಲ್ಲಿ ಹೇಳುವುದೂ ಇದನ್ನೇ: ನಿಯತ ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆಗಳಿರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸಿಲ್ಲ. 1943ರ ಬಂಗಾಳದ ಕ್ಷಾಮ ವಸಾಹತು ಆಡಳಿತದಲ್ಲಾಯಿತು. 1958–61ರ ಚೀನಾದ ಕ್ಷಾಮ ಏಕಪಕ್ಷದ ಆಳ್ವಿಕೆಯಲ್ಲಾಯಿತು. ಅಂದರೆ ಅನ್ನದ ಹಕ್ಕಿಗೂ ಮಾತಿನ ಹಕ್ಕಿಗೂ ಸಂಬಂಧವಿದೆ. ಮೊದಲು ಹೊಟ್ಟೆ, ಆಮೇಲೆ ಸ್ವಾತಂತ್ರ್ಯ ಎಂಬ ವಾದ ಈ ಅನುಭವದ ಮುಂದೆ ನಿಲ್ಲುವುದಿಲ್ಲ.

1977ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಗೆದ್ದರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಕೊನೆಗೊಂಡಿತು. ಸರ್ವೋಚ್ಚ ನ್ಯಾಯಾಲಯ ಕೈಬಿಟ್ಟ ಕೆಲಸವನ್ನು ಮತದಾರರು ಮಾಡಿದರು ಎನ್ನುವುದು ನಿಜ, ಆದರೆ ಅಷ್ಟೇ ಪೂರ್ಣ ಸತ್ಯವಲ್ಲ. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಬಲವಂತದ ಶಸ್ತ್ರಚಿಕಿತ್ಸೆಯ ಬಿಸಿ ಉತ್ತರದಷ್ಟು ಇಲ್ಲಿ ತಟ್ಟಿರಲಿಲ್ಲ. ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆಯ ನೆನಪು ಹಸಿಯಾಗಿತ್ತು. ಸ್ನೇಹಲತಾ ರೆಡ್ಡಿಯವರ ಸಾವು ಇಲ್ಲಿಯ ಮತಪೆಟ್ಟಿಗೆಯನ್ನು ಅಲುಗಿಸಲಿಲ್ಲ. ಜನ ತಮಗೆ ತಟ್ಟಿದ್ದಕ್ಕೆ ಮತ ಹಾಕುತ್ತಾರೆ. ಬಹುಮತಕ್ಕೆ ಕಾಣದ ಒಬ್ಬ ಕೈದಿಯ ಪಾಲಿಗೆ ಬರೆದಿಟ್ಟ ಹಕ್ಕು, ಅದನ್ನು ಎತ್ತಿಹಿಡಿಯುವ ನ್ಯಾಯಾಲಯ ಇರಲೇಬೇಕಾಗುವುದು ಇದರಿಂದಲೇ.

ಪಾಠ ಕಾನೂನಿನಲ್ಲಿ ಸೇರಿದ್ದು 1978ರ 44ನೆಯ ತಿದ್ದುಪಡಿಯ ಮೂಲಕ. ‘ಆಂತರಿಕ ಕ್ಷೋಭೆ’ಯ ಜಾಗಕ್ಕೆ ‘ಸಶಸ್ತ್ರ ದಂಗೆ’ ಬಂತು, ಮಂತ್ರಿಮಂಡಲದ ಲಿಖಿತ ಶಿಫಾರಸು ಕಡ್ಡಾಯವಾಯಿತು, ಮತ್ತು 20, 21ನೆಯ ವಿಧಿಗಳನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತುಗೊಳಿಸುವಂತಿಲ್ಲವೆಂದಾಯಿತು. ಜಬಲ್‌ಪುರ ತೀರ್ಪು ಮಾತ್ರ ದಶಕಗಳ ಕಾಲ ಪುಸ್ತಕದಲ್ಲಿ ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಅದು ಗಂಭೀರ ದೋಷದ ತೀರ್ಪೆಂದು ಬರೆದ ಡಿ. ವೈ. ಚಂದ್ರಚೂಡ್, 1976ರ ಬಹುಮತದಲ್ಲಿದ್ದ ವೈ. ವಿ. ಚಂದ್ರಚೂಡರ ಮಗ.

ಮೀಸಾ ಕಾಯಿದೆಯನ್ನು 1977ರ ಚುನಾವಣೆಯಲ್ಲಿ ಗೆದ್ದುಬಂದ ಜನತಾ ಪಕ್ಷದ ಸರ್ಕಾರ ರದ್ದುಪಡಿಸಿತು. ಮುನ್ನೆಚ್ಚರಿಕೆ ಬಂಧನಕ್ಕೆ ಎಡೆಗೊಡುವ 22ನೆಯ ವಿಧಿಯ ಭಾಗ ಉಳಿದುಕೊಂಡಿತು. ಅದರ ಆಸರೆಯಲ್ಲಿ 1980ರಲ್ಲಿ ಬಂದ ರಾಷ್ಟ್ರೀಯ ಭದ್ರತಾ ಕಾಯಿದೆ, ಒಬ್ಬ ವ್ಯಕ್ತಿಯನ್ನು ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಬಂಧನದಲ್ಲಿಡಲು ಅವಕಾಶ ಕೊಡುತ್ತದೆ.