ನೇಮಕಾತಿಯಲ್ಲಿ ಉಚ್ಚಾರ ತಾರತಮ್ಯ: ಬೈಂದೂರು–ಕುಂದಾಪುರ ಸೀಮೆ

ಉದ್ಯೋಗಾರ್ಥಿಯ ವಿದ್ಯೆ, ಅನುಭವಗಳನ್ನು ಬದಿಗಿಟ್ಟು ಮಾತಿನ ಧಾಟಿ, ಹೆಸರು ಅಥವಾ ಮೂಲವಂಶದ ಮೇಲೆ ಕೆಲಸ ಕೊಡುವ ಇಲ್ಲವೇ ನಿರಾಕರಿಸುವ ರೂಢಿ. ಉಡುಪಿ ಜಿಲ್ಲೆಯ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳಿಂದ ಹೊಟ್ಟೆಪಾಡಿಗಾಗಿ ಹೊರಟವರು ಇದರ ಎರಡೂ ಮುಖಗಳನ್ನು ಕಂಡಿದ್ದಾರೆ. ಅವರ ಮಾತು ಕೆಲವೆಡೆ ಕೆಲಸ ತಪ್ಪಿಸಿದೆ, ಕೆಲವೆಡೆ ಕೆಲಸ ಕೊಡಿಸಿಯೂ ಇದೆ.

ಬೈಂದೂರು ಪೇಟೆಗೆ ತಾಗಿಕೊಂಡಿರುವ ಯಡ್ತರೆಯ ಆಡುಮಾತು ಕುಂದಾಪ್ರ ಕನ್ನಡ. ಕೆಲವು ಮನೆಗಳಲ್ಲಿ ಕೊಂಕಣಿ. ‘ಹೋಗಲಿಕ್ಕೆ’ ಇಲ್ಲಿ ‘ಹೋಪುಕೆ’, ‘ಬರಲಿಕ್ಕೆ’ ‘ಬಪ್ಪುಕೆ’. ಬಡಗುತಿಟ್ಟಿನ ಯಕ್ಷಗಾನ ರಂಗಸ್ಥಳದಲ್ಲಿ ರಾಜವೇಷ ಗ್ರಾಂಥಿಕ ಕನ್ನಡದಲ್ಲೇ ಅರ್ಥ ಹೇಳುತ್ತದೆ. ಊರ ಮಾತು ಕೇಳಿಸುವುದು ಹೆಚ್ಚಾಗಿ ಹಾಸ್ಯಗಾರನ ಬಾಯಲ್ಲಿ. ಯಾವ ಮಾತಿಗೆ ಎಷ್ಟು ಮರ್ಯಾದೆ ಎಂಬ ಲೆಕ್ಕ ಆಟ ನೋಡಿ ಬೆಳೆದವರಿಗೆ ಸಂದರ್ಶನಕ್ಕೆ ಹೋಗುವ ಮೊದಲೇ ಗೊತ್ತಿರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಹುಡುಗರ ದೊಡ್ಡ ಉದ್ಯೋಗಪೇಟೆ ಎಂದರೆ ಮುಂಬೈಯ ಉಡುಪಿ ಹೋಟೆಲುಗಳು. ಅರ್ಜಿ, ನೇಮಕಾತಿ ಪತ್ರಗಳ ಗೊಡವೆ ಅಲ್ಲಿರಲಿಲ್ಲ. ಗಲ್ಲಾದ ಹಿಂದೆ ಕುಳಿತ ಧಣಿ ‘ಊರ್ ಎಲ್ಲಾಯ್ತ್?’ ಎಂದು ಕೇಳಿ, ಉತ್ತರದ ರಾಗದಲ್ಲೇ ಹುಡುಗ ಎಲ್ಲಿಯವನು, ಯಾರ ಪೈಕಿ ಎಂದು ಅಂದಾಜು ಮಾಡಿದರೆ ಅರ್ಧ ಸಂದರ್ಶನ ಮುಗಿದಂತೆ. ಲೋಟ ತೊಳೆಯುವುದರಿಂದ ಶುರುವಾಗಿ ಮೇಜು ಒರೆಸಿ, ಮಾಣಿಯಾಗಿ, ಕೊನೆಗೆ ಗಲ್ಲಾಕ್ಕೆ ಬಂದವರು ಅನೇಕರು. ನಡುವೆ ರಾತ್ರಿಶಾಲೆಗೆ ಹೋಗಿ ಕಲಿತವರೂ ಇದ್ದರು. ಊರಿನವರ ಪಾಲಿಗೆ ಇದು ಆಸರೆ. ಅದೇ ಬಾಗಿಲಲ್ಲಿ ನಿಂತ ಬೇರೆ ಭಾಷೆಯ ಹುಡುಗನ ಪಾಲಿಗೆ ತಾರತಮ್ಯವೇ. ನಮ್ಮ ಹೋಟೆಲ್ ಸಾಹಸದ ಕಥನಗಳಲ್ಲಿ ಈ ಎರಡನೆಯ ಮಾತಿಗೆ ಜಾಗ ಸಿಕ್ಕಿದ್ದು ಕಡಿಮೆ.

1960ರಲ್ಲಿ ಬಾಳ ಠಾಕ್ರೆ ಆರಂಭಿಸಿದ ‘ಮಾರ್ಮಿಕ್’ ವಾರಪತ್ರಿಕೆ ಮುಂಬೈಯ ಕಚೇರಿಗಳಲ್ಲಿದ್ದ ದಕ್ಷಿಣ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಪಟ್ಟಿಮಾಡಿ ಪ್ರಕಟಿಸತೊಡಗಿತು. ಉಚ್ಚಾರ ಕೇಳುವ ಅಗತ್ಯವೂ ಅಲ್ಲಿರಲಿಲ್ಲ, ಹೆಸರೇ ಸಾಕಿತ್ತು. ಗುಮಾಸ್ತ, ಬೆರಳಚ್ಚು, ಶೀಘ್ರಲಿಪಿಯ ಕೆಲಸಗಳು ಮರಾಠಿಗರ ಕೈತಪ್ಪುತ್ತಿವೆ ಎಂಬುದು ಮುಖ್ಯ ದೂರು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಲುಂಗಿಯುಟ್ಟವರನ್ನು ಹೊರದಬ್ಬುವ ಘೋಷಣೆಗಳ ಬಿಸಿ ಉಡುಪಿ ಹೋಟೆಲುಗಳಿಗೂ ತಟ್ಟಿತು. ಮಂಗಳೂರಿನವ, ಕುಂದಾಪುರದವ, ತಮಿಳ, ಮಲಯಾಳಿ ಎಂಬ ಭೇದ ಮಾಡದೆ ಎಲ್ಲರಿಗೂ ‘ಮದ್ರಾಸಿ’ ಎಂಬ ಒಂದೇ ಹಣೆಪಟ್ಟಿ ಅಂಟಿತು.

2000ದ ನಂತರ ಬೆಂಗಳೂರಿನ ಕಾಲ್ ಸೆಂಟರುಗಳು ಉಚ್ಚಾರವನ್ನು ಬಹಿರಂಗ ಅರ್ಹತೆಯಾಗಿಸಿದವು. ಧ್ವನಿಪರೀಕ್ಷೆಯಲ್ಲಿ ಅಭ್ಯರ್ಥಿ ತನ್ನ ಬಗ್ಗೆ ಒಂದೆರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ‘ಎಮ್’ ಎನ್ನುವಲ್ಲಿ ‘ಯಮ್’, ‘ಓನ್ಲಿ’ ಎನ್ನುವಲ್ಲಿ ‘ವೋನ್ಲಿ’ ಬಂದರೆ ಪರೀಕ್ಷಕರು ‘ಎಂಟಿಐ’, ಅಂದರೆ ಮಾತೃಭಾಷೆಯ ಪ್ರಭಾವ, ಎಂದು ಗುರುತು ಹಾಕುತ್ತಾರೆ. ಪದಾದಿಯ ಎ, ಒ ಸ್ವರಗಳಿಗೆ ಯಕಾರ, ವಕಾರ ಸೇರುವುದು ಕನ್ನಡಿಗರ ಸಹಜ ರೂಢಿ. ವ್ಯಾಕರಣ ತಪ್ಪಿಲ್ಲದ ಅಭ್ಯರ್ಥಿಯೂ ಇಲ್ಲಿ ಎಡವಬಹುದು. ದೆಹಲಿ ಪ್ರದೇಶದಲ್ಲಿ ಕಲ್ಪಿತ ಅರ್ಜಿಗಳನ್ನು ಕಳಿಸಿ ನಡೆಸಿದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಫ್ಟ್‌ವೇರ್ ಕೆಲಸಗಳಲ್ಲಿ ಜಾತಿಸೂಚಕ ಅಡ್ಡಹೆಸರಿನಿಂದ ತಾರತಮ್ಯವಾದದ್ದಕ್ಕೆ ಪುರಾವೆ ಕಾಣಲಿಲ್ಲ. ಕಾಲ್ ಸೆಂಟರ್ ಕೆಲಸಗಳಲ್ಲಿ ಮಾತ್ರ ಮೇಲ್ಜಾತಿಯ ಹೆಸರುಗಳಿಗೂ ಹಿಂದುಳಿದ ವರ್ಗಗಳ ಹೆಸರುಗಳಿಗೂ ನಡುವೆ ಎದ್ದುಕಾಣುವ ಅಂತರವಿತ್ತು. ಮಾತೇ ಬಂಡವಾಳವಾದ ಕೆಲಸದಲ್ಲಿ ಮಾತು ಕೇಳುವ ಮೊದಲೇ ಹೆಸರಿನಿಂದ ತೀರ್ಮಾನ!

ನ್ಯಾಯಾಲಯದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದ ಹೆಸರಾಂತ ಮೊಕದ್ದಮೆ ಹವಾಯಿಯದು. ಫಿಲಿಪೀನ್ಸ್ ಮೂಲದ ಮ್ಯಾನ್ಯುಯಲ್ ಫ್ರಗಾಂಟೆ ಹೊನೊಲುಲುವಿನ ಗುಮಾಸ್ತ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ 721 ಮಂದಿಯಲ್ಲಿ ಮೊದಲಿಗರಾದರು. ಉಚ್ಚಾರದ ಕಾರಣಕ್ಕೆ ಸಂದರ್ಶನದಲ್ಲಿ ಹೊರಬಿದ್ದರು. ಸಾರ್ವಜನಿಕರೊಡನೆ ಮಾತಾಡುವ ಕೆಲಸವಾದ್ದರಿಂದ ಇದು ತಾರತಮ್ಯವಲ್ಲ ಎಂದು ಮೇಲ್ಮನವಿ ನ್ಯಾಯಾಲಯ 1989ರಲ್ಲಿ ತೀರ್ಪಿತ್ತಿತು.

ಭಾರತ ಸಂವಿಧಾನದ 16(2)ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಮೂಲವಂಶ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ನಿವಾಸಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ಭಾಷೆ ಇಲ್ಲ. ಖಾಸಗಿ ಉದ್ಯೋಗ ಅದರ ವ್ಯಾಪ್ತಿಗೇ ಬರುವುದಿಲ್ಲ. ಕರ್ನಾಟಕದಲ್ಲಿ ಸರೋಜಿನಿ ಮಹಿಷಿ ಸಮಿತಿಯ 1980ರ ದಶಕದ ವರದಿ ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೇಳಿತು. ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ 2024ರ ಜುಲೈಯಲ್ಲಿ ರಾಜ್ಯ ಸಂಪುಟ ಒಪ್ಪಿತು. ಉದ್ಯಮಿಗಳ ವಿರೋಧ ಎದುರಾಗಿ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಕನ್ನಡ ಬಲ್ಲವನೇ ಎಂಬುದು ಈ ಚರ್ಚೆಗಳ ಪ್ರಶ್ನೆ. ಯಾವ ಸೀಮೆಯ ಕನ್ನಡ ಎಂಬುದು ಸಂದರ್ಶಕನ ಕಿವಿಗೇ ಬಿಟ್ಟ ವಿಚಾರವಾಗಿ ಉಳಿಯಿತು.

ಮಾತಿಗೆ ಮರ್ಯಾದೆ ತರುವ ಯತ್ನಗಳು ಕಾನೂನಿನ ಹೊರಗೆ ನಡೆದಿವೆ. ಆಸಾಡಿ ಅಮಾಸೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುವ ಪರಿಪಾಠ ಬೆಳೆದಿದೆ. ಕುಂದಾಪುರ ತಾಲ್ಲೂಕಿನ ಕೆರಾಡಿಯ ರಿಷಬ್ ಶೆಟ್ಟಿ 2022ರ ‘ಕಾಂತಾರ’ದಲ್ಲಿ ನಾಯಕನಿಗೇ ಕರಾವಳಿಯ ಮಾತು ಆಡಿಸಿದರು, ಅದರ ನಟನೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕಾಲ್ ಸೆಂಟರುಗಳ ಹಾದಿ ಬೇರೆ: ಭಾರತೀಯ ನೌಕರರ ಇಂಗ್ಲಿಷ್ ಉಚ್ಚಾರವನ್ನು ಕರೆ ನಡೆಯುತ್ತಿರುವಾಗಲೇ ಬದಲಿಸುವ ‘ಸನಾಸ್’ ತಂತ್ರಾಂಶವನ್ನು ಬಳಸುತ್ತಿರುವುದಾಗಿ ಫ್ರಾನ್ಸ್ ಮೂಲದ ಟೆಲಿಪರ್ಫಾರ್ಮೆನ್ಸ್ ಕಂಪನಿ 2025ರಲ್ಲಿ ತಿಳಿಸಿತು.