ಮೊಗಸಾಲೆ: ಶಬ್ದಾರ್ಥ ವಿಚಾರ

ಮಾಯಸಂದ್ರ, ತುರುವೇಕೆರೆ, ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವಣ ಹಳೆಯ ಮನೆಗಳಲ್ಲಿ ಬಾಗಿಲ ಮುಂದೆ ಕಂಬ ನಿಲ್ಲಿಸಿ ಸೂರು ಇಳಿಸಿದ ಎಡೆಗೆ ಜಗಲಿ, ಪಡಸಾಲೆ ಎಂಬ ಹೆಸರುಗಳುಂಟು. ಬಸದಿಗಳಲ್ಲಿ ಇದಕ್ಕೆ ಸಮಾನವಾದ ಭಾಗವನ್ನು ವಿದ್ವಾಂಸರು ಮುಖಮಂಟಪವೆನ್ನುತ್ತಾರೆ. ಈ ಎರಡಕ್ಕೂ ಸೇತುವೆಯಂತಿರುವ ಹಳೆಯ ಪದ ‘ಮೊಗಸಾಲೆ’. ಓಲೆಗರಿಯ ಪಾಠದಲ್ಲಿ ಇದು ಕಂಡಾಗ ‘ಮುಖಶಾಲೆ’ ಎಂದು ತಿದ್ದುವುದು ಸುಲಭ. ಆದರೆ ಹಾಗೆ ತಿದ್ದಿದಲ್ಲಿ ಪದದ ಇತಿಹಾಸವೇ ಅಳಿಯುತ್ತದೆ.

ಮುಖ ಶಬ್ದ ‘ಮೊಗ’ವಾದಂತೆ ಸುಖವು ‘ಸೊಗ’ವೂ ವೈಶಾಖವು ‘ಬೇಸಗೆ’ಯೂ ಆಗಿವೆ, ಮೂರರಲ್ಲಿಯೂ ಖಕಾರಕ್ಕೆ ಗಕಾರ ಬಂದಿದೆ. ಇಂತಹ ತದ್ಭವಗಳನ್ನು 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ವಿವೇಚಿಸಿದ್ದಾನೆ. ಸಾಹಿತ್ಯ ಪ್ರಾಕೃತಗಳಲ್ಲಿಯಾದರೋ ಮುಖವು ‘ಮುಹ’, ಸುಖವು ‘ಸುಹ’. ಹಕಾರದಿಂದ ಗಕಾರವನ್ನು ಸಾಧಿಸುವುದು ಕಷ್ಟ. ಆದುದರಿಂದ ‘ಮೊಗ’ ರೂಪವು ಆ ಹಂತದ ಪ್ರಾಕೃತದಿಂದ ಬಂದುದಲ್ಲ, ಕಂಠ್ಯವರ್ಣ ಇನ್ನೂ ಉಳಿದಿದ್ದ ರೂಪದಿಂದ ಇಳಿದುದು ಎನ್ನಬೇಕಾಗುತ್ತದೆ. ‘ಸಾಲೆ’ಯ ಸಕಾರ ಪ್ರಾಕೃತಕ್ಕೂ ಕನ್ನಡ ತದ್ಭವಕ್ಕೂ ಸಮಾನವಾದುದರಿಂದ ಅದು ನಿರ್ಣಾಯಕವಲ್ಲ.

ಅರ್ಥನಿರ್ಣಯಕ್ಕೆ ‘ಕೈಸಾಲೆ’ ನೆರವಾಗುತ್ತದೆ. ಪ್ರಾಕಾರದ ಒಳಬದಿಯುದ್ದಕ್ಕೂ ಕಂಬಸಾಲಿನಿಂದ ಹಬ್ಬಿದುದು ಕೈಸಾಲೆ; ಕಟ್ಟಡದ ಮುಂಬದಿಗೆ ಚಾಚಿದುದು ಮೊಗಸಾಲೆ. ಕಟ್ಟಡವನ್ನು ದೇಹವೆಂದು ಭಾವಿಸಿದ ಕಲ್ಪನೆ ಎರಡರಲ್ಲಿಯೂ ಇದೆ. ಗಿಳಿಯ ಮೂಗೆಂಬ ಅರ್ಥದ ‘ಶುಕನಾಸ’ವೂ ಇದೇ ಬಗೆಯದು. ಶಿಖರದ ಮುಂಚಾಚಿಗೆ ಸಲ್ಲುತ್ತಿದ್ದ ಆ ಹೆಸರು ಕೆಳಗಿನ ಅಂಕಣಕ್ಕೆ ಇಳಿದು, ಕನ್ನಡದಲ್ಲಿ ‘ಸುಖನಾಸಿ’ಯಾಗಿ, ಸುಖಕ್ಕೆ ಸಂಬಂಧಿಸಿದುದೆಂಬ ಭ್ರಮೆಗೆ ಎಡೆಮಾಡಿತು. ಶ್ರವಣಬೆಳಗೊಳದಲ್ಲಿ ಆಚಿಯಕ್ಕನು 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಯಲ್ಲಿ ಗರ್ಭಗೃಹ, ಸುಖನಾಸಿ, ನವರಂಗ, ಮುಖಮಂಟಪಗಳು ಕ್ರಮವಾಗಿ ಬಂದಿವೆ. ಮೂಗು, ಮುಖಗಳ ಹೆಸರುಗಳು ಒಂದೇ ಕಟ್ಟಡದಲ್ಲಿ ಸೇರಿವೆ.

ಆದರೆ ಕಂಬವಿದ್ದ ಮಾತ್ರಕ್ಕೆ ಮೊಗಸಾಲೆಯಾಗದು. ನೆರೆಯ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೆಸರು ತಂದ ಕಂಬ ಪಂಚಕೂಟ ಬಸದಿಯ ಬಳಿ ಒಂಟಿಯಾಗಿ ನಿಂತಿದೆ. ಅದು ಸೂರು ಹೊರುವುದಿಲ್ಲ. ಅದು ಸ್ತಂಭವೇ ಹೊರತು ಸಾಲೆಯಲ್ಲ. ಕಂಬ ಹೊತ್ತ ಸೂರು, ಮುಂದೆ ತೆರೆದ ಎಡೆ, ಹಿಂದೆ ಬಾಗಿಲು, ಈ ಮೂರೂ ಕೂಡಿದಲ್ಲಿ ಮೊಗಸಾಲೆ.

ಆದಕಾರಣ ಗ್ರಂಥಸಂಪಾದನೆಯಲ್ಲಿ ‘ಮೊಗಸಾಲೆ’ ಎಂಬ ಪಾಠವನ್ನು ಹಾಗೆಯೇ ಉಳಿಸಿ, ‘ಮುಖಶಾಲೆ’ಯನ್ನು ಟಿಪ್ಪಣಿಯಲ್ಲಿ ಕೊಡುವುದೇ ಯುಕ್ತ. ಲಿಪಿಕಾರನ ತಪ್ಪೆಂದು ತೋರುವುದು ಎಷ್ಟೋ ವೇಳೆ ಭಾಷೆಯ ಸಾಕ್ಷ್ಯವಾಗಿರುತ್ತದೆ.